ಟ್ಯಾಬ್ ಬಿಡಿ, ಎಚ್ ಒತ್ತಿ

ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ 1987ರಲ್ಲಿ ಶುರುವಾದ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ಹೆಸರು ರಾಯಚೂರು, ಕಲಬುರಗಿ, ಬೀದರ್ ಕಡೆಯವರಿಗೆ ಹೊಸದಲ್ಲ. ಚಿಕಿತ್ಸೆಯಿಂದಲೂ ದೃಷ್ಟಿ ಮರಳದವರಿಗೆಂದು ಅಲ್ಲೇ ಪುನರ್ವಸತಿ ವಿಭಾಗವಿದೆ. ಬಿಳಿ ಕೋಲು ಹಿಡಿದು ನಡೆಯುವುದರ ಜೊತೆಗೆ ಕಂಪ್ಯೂಟರನ್ನೂ ಕಲಿಸುತ್ತಾರೆ. ಅಂಥ ಕಲಿಕೆಗೆ ಈಗಷ್ಟೇ ಕುಳಿತವರಿಗೆ ಈ ಪಾಠ.

ಮೊದಲು ಮೌಸ್ ಪಕ್ಕಕ್ಕಿಡಿ. ಬೇಕಾದ್ದು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. ಅಂಥದ್ದೊಂದಾದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಬರೆಯತೊಡಗಿದರು. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಒರಟು. ಕಿವಿ ಬೇಗ ಒಗ್ಗಿಕೊಳ್ಳುತ್ತದೆ.

ಹೊಸಬರು ಸಾಮಾನ್ಯವಾಗಿ ಟ್ಯಾಬ್ ಕೀಲಿಯನ್ನೇ ನೆಚ್ಚಿಕೊಳ್ಳುತ್ತಾರೆ. ಅದು ಊರೂರಿಗೂ ನಿಲ್ಲುವ ಬಸ್ಸು. ಒಂದೊಂದೇ ಕೊಂಡಿ, ಒಂದೊಂದೇ ಗುಂಡಿಯ ಹತ್ತಿರ ನಿಂತು ಹೋಗುತ್ತದೆ, ನಡುವಿನ ಬರಹವನ್ನು ಬಿಟ್ಟೇಬಿಡುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಹೈದರಾಬಾದ್ ಪುಟ ತೆರೆದು ಎಚ್ ಒತ್ತಿ ನೋಡಿ. ಮುಂದಿನ ಶೀರ್ಷಿಕೆಗೆ ನೇರ ನೆಗೆಯುತ್ತೀರಿ. ಶಿಫ್ಟ್ ಜೊತೆ ಒತ್ತಿದರೆ ಹಿಂದಕ್ಕೆ. 2 ಒತ್ತಿದರೆ ಎರಡನೇ ಹಂತದ ಶೀರ್ಷಿಕೆಗಳು, ಅಂದರೆ ಲೇಖನದ ದೊಡ್ಡ ಭಾಗಗಳು ಮಾತ್ರ. ಕೊಂಡಿಗೆ ಕೆ, ಗುಂಡಿಗೆ ಬಿ, ಕೋಷ್ಟಕಕ್ಕೆ ಟಿ. ಬೇಕಾದ ಜಾಗ ಸಿಕ್ಕಿತೇ? ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದರೆ ಅಲ್ಲಿಂದ ಓದುತ್ತಾ ಹೋಗುತ್ತದೆ. ಕಂಟ್ರೋಲ್ ಒತ್ತಿದರೆ ಸುಮ್ಮನಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಕೀಲಿ ಇಲ್ಲದಿದ್ದರೆ ಕ್ಯಾಪ್ಸ್ ಲಾಕನ್ನೇ ಆ ಕೆಲಸಕ್ಕೆ ಹಚ್ಚಬಹುದು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪಿಸಬೇಕು. ಆದರೆ ಎಚ್ ಒತ್ತಿದೊಡನೆ ಪುಟ ಇನ್ನೆಲ್ಲಿಗೋ ಹಾರುತ್ತದೆ! ಕಂಪ್ಯೂಟರ್ ಕೆಟ್ಟಿಲ್ಲ. ನೀವಿನ್ನೂ ಓದುವ ಸ್ಥಿತಿಯಲ್ಲಿದ್ದೀರಿ, ಅಲ್ಲಿ ಅಕ್ಷರಗಳೆಲ್ಲ ಆಜ್ಞೆಗಳೇ. ಪೆಟ್ಟಿಗೆಯ ಮೇಲೆ ನಿಂತು ಎಂಟರ್ ಒತ್ತಿದರೆ ಬರೆಯುವ ಸ್ಥಿತಿ ಬರುತ್ತದೆ, ಅಕ್ಷರ ಅಕ್ಷರವಾಗಿಯೇ ಮೂಡುತ್ತದೆ. ಮುಗಿದ ಮೇಲೆ ಎಸ್ಕೇಪ್ ಒತ್ತಿ ಹಿಂದಿರುಗಿ. ಸ್ಥಿತಿ ಬದಲಾದಾಗ ಬೇರೆ ಬೇರೆ ಸದ್ದು ಕೇಳಿಸುತ್ತದೆ. ಆ ಎರಡು ಸದ್ದುಗಳ ವ್ಯತ್ಯಾಸ ಕಿವಿಗೆ ಹತ್ತುವವರೆಗೂ ಬೇರೆ ಕೀಲಿಗಳ ಗೊಡವೆ ಬೇಡ ಎಂಬುದು ನನ್ನ ಹಟ.

ಕೆಲವು ಪುಟಗಳಲ್ಲಿ ಎಷ್ಟು ಎಚ್ ಒತ್ತಿದರೂ ಶೀರ್ಷಿಕೆಯೇ ಇಲ್ಲ ಎನ್ನುತ್ತದೆ. ತಪ್ಪು ನಿಮ್ಮದಲ್ಲ. ಪುಟ ಕಟ್ಟಿದವರು ಅಕ್ಷರವನ್ನು ದಪ್ಪಗೆ, ದೊಡ್ಡದಾಗಿ ಮಾಡಿ ಕೈತೊಳೆದುಕೊಂಡಿರುತ್ತಾರೆ; ಇದು ಶೀರ್ಷಿಕೆ ಎಂಬ ಗುರುತನ್ನು ಒಳಗೆ ಹಾಕಿರುವುದಿಲ್ಲ. ಕಣ್ಣಿಗೆ ಸರಿ, ಕಿವಿಗೆ ಗೋಡೆ. ಆಗ ಇನ್ಸರ್ಟ್, ಕಂಟ್ರೋಲ್, ಎಫ್ ಒಟ್ಟಿಗೆ ಒತ್ತಿ ಪದ ಹುಡುಕಿ. ಇಲ್ಲವೇ ಎನ್ ಒತ್ತಿ, ಕೊಂಡಿಗಳ ರಾಶಿಯನ್ನು ದಾಟಿಸುತ್ತದೆ.

ಕೀಲಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಇನ್ಸರ್ಟ್ ಜೊತೆ 1 ಒತ್ತಿದರೆ ಅಭ್ಯಾಸದ ಸ್ಥಿತಿ ಬರುತ್ತದೆ: ಯಾವ ಕೀಲಿ ಮುಟ್ಟಿದರೂ ಕೆಲಸ ನಡೆಯುವುದಿಲ್ಲ, ಅದೇನು ಮಾಡುತ್ತದೆಂದು ಮಾತ್ರ ಹೇಳುತ್ತದೆ. ಹೊರಬರಲು ಅದನ್ನೇ ಮತ್ತೊಮ್ಮೆ ಒತ್ತಿ.