ಮುಕ್ತ ಉಪಗ್ರಹ ಮಾಹಿತಿ ಮತ್ತು ಕರಾವಳಿಯ ಉದ್ದಿಮೆ

ತೋಡೂರನ್ನು ಒಳಗೊಂಡ ಕಾರವಾರ–ಅಂಕೋಲಾ ಕರಾವಳಿಯಲ್ಲಿ ಮೀನುಗಾರಿಕೆಯು ಪ್ರಮುಖ ಉದ್ದಿಮೆ. ಯಾಂತ್ರಿಕ ದೋಣಿಯ ಖರ್ಚಿನಲ್ಲಿ ಡೀಸೆಲ್‌ನದೇ ದೊಡ್ಡ ಪಾಲು. ಆದುದರಿಂದ ಮೀನನ್ನು ಅರಸಿ ಅಲೆಯುವ ಪ್ರತಿ ಗಂಟೆಯೂ ನಷ್ಟದ ಬಾಬತ್ತಾಗುತ್ತದೆ.

ಈ ಅಲೆದಾಟವನ್ನು ತಗ್ಗಿಸಲು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ದೊರೆಯಬಹುದಾದ ವಲಯಗಳ ಮುನ್ಸೂಚನೆಯನ್ನು ಕನ್ನಡದಲ್ಲಿಯೂ ಉಚಿತವಾಗಿ ನೀಡುತ್ತದೆ. ಸಮುದ್ರದ ಮೇಲ್ಮೈ ಉಷ್ಣತೆ ಹಾಗೂ ನೀರಿನಲ್ಲಿರುವ ಹರಿತ್ತು ಥಟ್ಟನೆ ಬದಲಾಗುವೆಡೆ ಮೀನು ಆಹಾರಕ್ಕಾಗಿ ನೆರೆಯುತ್ತದೆಂಬುದು ಇದರ ತಳಹದಿ. ಹರಿತ್ತಿನ ಮಾಹಿತಿಗೆ ಭಾರತದ ಓಷನ್‌ಸ್ಯಾಟ್ ನೆರವಾದರೆ, ಉಷ್ಣತೆಯ ಮಾಹಿತಿಯನ್ನು ಅಮೆರಿಕದ ನೋವಾ ಹಾಗೂ ಯುರೋಪಿನ ಮೆಟಾಪ್ ಉಪಗ್ರಹಗಳಿಂದ ಪಡೆಯುತ್ತ ಬರಲಾಗಿದೆ. ಅನ್ಯದೇಶಗಳು ಹಂಚಿಕೊಳ್ಳದಿದ್ದರೆ ಈ ಸೇವೆ ಅಪೂರ್ಣವಾಗುತ್ತಿತ್ತು.

ಮುಕ್ತ ಹಂಚಿಕೆಯ ನೀತಿ ಹಂತಹಂತವಾಗಿ ರೂಪುಗೊಂಡಿದೆ. ಅಮೆರಿಕವು 2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಉಚಿತಗೊಳಿಸಿತು. 2018ರ ಮಾರ್ಚ್‌ನಲ್ಲಿ ಭಾರತ ಮತ್ತು ಯುರೋಪಿಯನ್ ಒಕ್ಕೂಟ ಉಪಗ್ರಹ ಮಾಹಿತಿಯ ವಿನಿಮಯಕ್ಕೆ ಬೆಂಗಳೂರಿನಲ್ಲಿ ಸಹಿ ಹಾಕಿದವು. 5 ಮೀಟರ್ ಹಾಗೂ ಅದಕ್ಕಿಂತ ಸ್ಥೂಲವಾದ ಸಂಗ್ರಹಿತ ಚಿತ್ರಗಳು ಮುಕ್ತವಾಗಿ ದೊರೆಯಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿ ವಿಧಿಸಿದೆ.

ಆದರೆ ನೀತಿಯ ಸಾರ್ಥಕತೆ ನಿರ್ಧಾರವಾಗುವುದು ಬಂದರಿನ ಧಕ್ಕೆಯಲ್ಲಿ. ಮೋಡ ಕವಿದಾಗ ಉಪಗ್ರಹಕ್ಕೆ ಕಡಲಿನ ಮೇಲ್ಮೈ ಕಾಣದು. ದೊರೆತ ಮುನ್ಸೂಚನೆಯೂ ಬೇಗನೆ ಹಳತಾಗುವ ಸರಕು. ದೋಣಿ ಹೊರಟ ಮೇಲೆ ಬಂದರೆ ವ್ಯರ್ಥ. ಅದನ್ನು ಸಕಾಲದಲ್ಲಿ ಧಕ್ಕೆಯ ಫಲಕಕ್ಕೆ ತಲುಪಿಸುವ ಹೊಣೆಯನ್ನು ಸ್ಥಳೀಯ ಸಹಕಾರಿ ಸಂಘಗಳೂ ವರ್ತಕರೂ ವಹಿಸಿಕೊಳ್ಳಬಹುದು. ಮರಳಿದ ದೋಣಿಗಳು ಮೀನು ಸಿಕ್ಕ ಸ್ಥಳ ಹಾಗೂ ಪ್ರಮಾಣವನ್ನು ತಿಳಿಸಿದರೆ ಮುನ್ಸೂಚನೆಯ ನಿಖರತೆಯನ್ನು ಪರೀಕ್ಷಿಸಲು ಸಾಧ್ಯ. ಮುಕ್ತ ಮಾಹಿತಿಯನ್ನು ಪಡೆಯುವವರು ತಮ್ಮಲ್ಲಿರುವುದನ್ನು ಕೊಡಲೂ ಸಿದ್ಧರಿರಬೇಕು.