ರಾಜಧನದ ಲೆಕ್ಕ

ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನಮಗೆಲ್ಲ ಬಂಗಾರಪೇಟೆಯ ನಿಲ್ದಾಣ ಪರಿಚಿತವಾದುದು. ಅಲ್ಲಿಂದ ಕವಲೊಡೆಯುವ ಹಳಿಯು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಅಲ್ಲಿ ಗಣಿಗಾರಿಕೆಯನ್ನು ನಡೆಯಿಸಿದವರು ಜಾನ್ ಟೇಲರ್ ಎಂಬ ಆಂಗ್ಲ ಸಂಸ್ಥೆಯವರು. ನೆಲ ಮಾತ್ರ ಮೈಸೂರು ಸಂಸ್ಥಾನದ್ದು. ಆದುದರಿಂದ ತೆಗೆದ ಚಿನ್ನದ ಬೆಲೆಯಲ್ಲಿ ಒಂದು ಪಾಲು ಸಂಸ್ಥಾನಕ್ಕೆ ಸಲ್ಲುತ್ತಿತ್ತು. ಈ ಪಾಲಿಗೆ ರಾಜಧನವೆಂದು ಹೆಸರು.

ರಾಜಧನವು ತೆರಿಗೆಯೆ? ಹೊಲವನ್ನು ವಾರಕ್ಕೆ ಕೊಟ್ಟ ಒಡೆಯನು ಬೆಳೆಯಲ್ಲಿ ತನ್ನ ಪಾಲನ್ನು ಪಡೆಯುತ್ತಾನೆ. ಅದನ್ನು ಯಾರೂ ತೆರಿಗೆಯೆನ್ನುವುದಿಲ್ಲ. ಆದರೂ ತಮಿಳುನಾಡಿನ ಸಿಮೆಂಟು ಕಂಪನಿಯೊಂದರ ಮೊಕದ್ದಮೆಯಲ್ಲಿ, 1989ರಲ್ಲಿ, ರಾಜಧನವೂ ಒಂದು ತೆರಿಗೆಯೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತ್ತು. 2024ರ ಜುಲೈ 25ರಂದು ಒಂಬತ್ತು ನ್ಯಾಯಾಧೀಶರ ಪೀಠದಲ್ಲಿ ಎಂಟು ಮಂದಿ ಆ ಮಾತನ್ನು ತಿದ್ದಿ, ರಾಜಧನವು ತೆರಿಗೆಯಲ್ಲ, ಗುತ್ತಿಗೆದಾರನು ಒಡೆಯನಿಗೆ ತೆರುವ ಪ್ರತಿಫಲವೆಂದು ಹೇಳಿದರು. ಒಡೆತನದಿಂದ ಬರುವುದು ರಾಜಧನ. ಆಳುವ ಅಧಿಕಾರದಿಂದ ಬರುವುದು ತೆರಿಗೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಚಿನ್ನದಿಂದ ಕಚ್ಚಾ ತೈಲದ ಕಡೆಗೆ ಬರೋಣ.

ನಮ್ಮ ನಗರದ ಉತ್ತರಕ್ಕಿರುವ ಮಣಲಿಯ ಶುದ್ಧೀಕರಣ ಕಾರ್ಖಾನೆಯು 1969ರಲ್ಲಿ ಆರಂಭವಾಯಿತು. ಅಲ್ಲಿ ಶುದ್ಧಿಯಾಗುವ ತೈಲದ ಹೆಚ್ಚಿನ ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಆದರೆ ತಮಿಳುನಾಡಿನ ನೆಲದಲ್ಲಿಯೂ ತೈಲವುಂಟು. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಕಾವೇರಿಯು ಕಡಲನ್ನು ಸೇರುವ ಮುಖಜಭೂಮಿಯಲ್ಲಿ, ನಾಗಪಟ್ಟಣದ ಬಳಿಯ ನರಿಮಣಂ ಮೊದಲಾದ ಕಡೆ, ಗದ್ದೆಗಳ ನಡುವೆಯೇ ತೈಲದ ಬಾವಿಗಳಿವೆ. ನೆಲದ ಮೇಲಿನ ಬಾವಿಗಳ ರಾಜಧನ ರಾಜ್ಯ ಸರ್ಕಾರಕ್ಕೆ ಸಲ್ಲುತ್ತದೆ. ಅದೇ ಕರಾವಳಿಯ ಕಡಲಡಿಯ ತೈಲದ ರಾಜಧನವಾದರೋ ಕೇಂದ್ರ ಸರ್ಕಾರಕ್ಕೆ ಸೇರತಕ್ಕದ್ದು. ಸಂವಿಧಾನದ 297ನೆಯ ವಿಧಿಯ ಪ್ರಕಾರ ಕಡಲಡಿಯ ಸಂಪತ್ತು ಒಕ್ಕೂಟದ್ದು.

ಇನ್ನು ದರದ ವಿಚಾರ. ಕೇಂದ್ರ ಸರ್ಕಾರದ 2016ರ ನೀತಿಯಲ್ಲಿ ನೆಲದ ಮೇಲಿನ ಕಚ್ಚಾ ತೈಲಕ್ಕೆ ಶೇಕಡಾ 12.5, ಹಿಂದಿನ ಆಣೆಯ ಲೆಕ್ಕದಲ್ಲಿ ರೂಪಾಯಿಗೆ ಎರಡಾಣೆ. ಆಳವಿಲ್ಲದ ಕಡಲಿನಲ್ಲಿ ಶೇಕಡಾ 7.5, ಆಳವಾದ ಕಡಲಿನಲ್ಲಿ ಮೊದಲ ಏಳು ವರ್ಷ ಏನೂ ಇಲ್ಲ, ಅನಂತರ ಶೇಕಡಾ 5. ಈ ಇಳಿತಕ್ಕೆ ಕಾರಣವೇನು? ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ.

ಎರಡು ಬಾವಿಗಳಿವೆಯೆಂದು ಭಾವಿಸಿರಿ. ಎರಡರಲ್ಲಿಯೂ ನೂರು ರೂಪಾಯಿನ ತೈಲ ದೊರೆಯುತ್ತದೆ. ಮೊದಲನೆಯದಕ್ಕೆ ತಗಲುವ ಖರ್ಚು 60 ರೂಪಾಯಿ, ಎರಡನೆಯದಕ್ಕೆ 90. ಎರಡಾಣೆಯ ರಾಜಧನವನ್ನು ಕೊಟ್ಟ ಮೇಲೆ ಮೊದಲನೆಯದರಲ್ಲಿ 27.50 ಉಳಿಯುತ್ತದೆ, ಎರಡನೆಯದರಲ್ಲಿ 2.50 ನಷ್ಟವಾಗುತ್ತದೆ. ನಷ್ಟದ ಬಾವಿಯನ್ನು ಯಾರು ತೋಡುವರು? ಆ ತೈಲ ಮಣ್ಣಿನಲ್ಲಿಯೇ ಉಳಿಯುತ್ತದೆ, ಒಡೆಯನಿಗೂ ಬಿಡಿಗಾಸು ಬರುವುದಿಲ್ಲ. ಭೂಮಂಡಲದಲ್ಲಿ ತೈಲವಿರುವ ದೇಶಗಳು ಹಲವು. ಒಂದು ಕಡೆ ದರ ಭಾರವಾದರೆ ಹುಡುಕುವವರು ಮತ್ತೊಂದು ಕಡೆಗೆ ಹೋಗುತ್ತಾರೆ. ಆದುದರಿಂದಲೇ ಕಷ್ಟ ಹೆಚ್ಚಾದಲ್ಲಿ ದರ ಕಡಮೆ.

ಹಾಗಾದರೆ ರಾಜಧನವನ್ನು ಬಿಟ್ಟು ಲಾಭದ ಮೇಲೆ ಮಾತ್ರ ನೂರಕ್ಕೆ ನಲವತ್ತರಂತೆ ತೆರಿಗೆ ಹಾಕಿದರೆ? ಮೊದಲ ಬಾವಿಯಿಂದ 16, ಎರಡನೆಯದರಿಂದ 4, ಒಟ್ಟು 20 ರೂಪಾಯಿ ಬರುತ್ತದೆ; ಎರಡು ಬಾವಿಗಳೂ ನಡೆಯುತ್ತವೆ. ಆದರೆ ಇಲ್ಲೊಂದು ಅಪಾಯವುಂಟು. 60 ರೂಪಾಯಿನ ಖರ್ಚನ್ನು 90 ಎಂದು ಬರೆದುಕೊಂಡರೆ 16ರ ಬದಲು 4 ಮಾತ್ರ ಕೈಗೆ ಬರುತ್ತದೆ. 1999ರಲ್ಲಿ ಜಾರಿಗೆ ಬಂದ ನೀತಿಯಲ್ಲಿ ಖರ್ಚನ್ನು ಕಳೆದ ಮೇಲಿನ ಲಾಭದಲ್ಲಿ ಸರ್ಕಾರಕ್ಕೆ ಪಾಲಿತ್ತು. ಖರ್ಚಿನ ಲೆಕ್ಕದ ಬಗ್ಗೆ ವಿವಾದಗಳೆದ್ದವು. 2016ರ ನೀತಿಯು ಅದನ್ನು ಕೈಬಿಟ್ಟು, ಮಾರಾಟದ ವರಮಾನದಲ್ಲಿಯೇ ಪಾಲನ್ನು ಗೊತ್ತುಮಾಡಿತು. ಅಳೆಯಲು ಸುಲಭವಾದುದು ರಾಜಧನ. ನ್ಯಾಯಕ್ಕೆ ಹತ್ತಿರವಾದುದು ಲಾಭದ ತೆರಿಗೆ. ಎರಡನ್ನೂ ಹದವಾಗಿ ಬೆರೆಸುವುದೇ ಜಾಣತನ.

ಹದದಷ್ಟೇ ಮುಖ್ಯವಾದುದು ಸ್ಥಿರತೆ. ಲೋಕದಲ್ಲಿ ತೈಲದ ಬೆಲೆ ಏರಿದಾಗ, 2022ರ ಜುಲೈ 1ರಿಂದ, ನಮ್ಮ ದೇಶದಲ್ಲಿ ತೆಗೆದ ಕಚ್ಚಾ ತೈಲಕ್ಕೆ ಟನ್ನಿಗೆ 23,250 ರೂಪಾಯಿನ ವಿಶೇಷ ಸುಂಕವನ್ನು ಹಾಕಲಾಯಿತು. ಅದು ಹಲವು ಸಲ ಏರಿಳಿದು 2024ರ ಡಿಸೆಂಬರ್ 2ರಂದು ರದ್ದಾಯಿತು. ಅನಿರೀಕ್ಷಿತ ಲಾಭದಲ್ಲಿ ಪಾಲು ಕೇಳುವುದು ತಪ್ಪಲ್ಲ. ಆದರೆ ಇಪ್ಪತ್ತು ವರ್ಷದ ಕೆಲಸಕ್ಕೆ ಹಣ ಹೂಡುವವನಿಗೆ ನಿಯಮವು ಮೊದಲೇ ತಿಳಿದಿರಬೇಕು. ನಾರ್ವೆ ದೇಶದಲ್ಲಿ ತೈಲದ ಲಾಭದ ಮೇಲಿನ ತೆರಿಗೆ ಒಟ್ಟು ಶೇಕಡಾ 78. ಆದರೂ ಅಲ್ಲಿ ಹುಡುಕಾಟ ನಿಂತಿಲ್ಲ. ಏಕೆಂದರೆ ಹುಡುಕಾಟದ ಖರ್ಚಿನ ಬಹುಭಾಗವನ್ನು ತೆರಿಗೆಯ ಲೆಕ್ಕದಲ್ಲಿ ಸರ್ಕಾರವೇ ಹೊರುತ್ತದೆ. ಲಾಭದಲ್ಲಿ ಪಾಲು ಕೇಳುವವನು ನಷ್ಟದಲ್ಲಿಯೂ ಹೆಗಲು ಕೊಟ್ಟಿದ್ದಾನೆ.

ಇಷ್ಟಾದರೂ ಲೆಕ್ಕ ಮುಗಿಯಲಿಲ್ಲ. ಸರ್ಕಾರಕ್ಕೆ ಪಾಲುಂಟು, ಕಂಪನಿಗೆ ಪಾಲುಂಟು. ಬಾವಿಯ ಪಕ್ಕದಲ್ಲಿ ನಾಟಿ ಮಾಡುವ ರೈತನಿಗೆ? ಅವನ ಗದ್ದೆ ಅವನದೇ, ಅದರ ತಳದ ತೈಲ ಅವನದಲ್ಲ. ಕೊಳವೆ ಒಡೆದರೆ ಹಾಳಾಗುವುದು ಮಾತ್ರ ಅವನ ಬೆಳೆ. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ, ರಾಜಧನದ ಜೊತೆಗೆ ಗಣಿಗಾರರು ಇನ್ನೊಂದು ಅಂಶವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕೆಂದು ಗೊತ್ತಾಯಿತು. ಆ ಹಣ ಗಣಿಯ ಸುತ್ತಲಿನ ಜನರಿಗೆ ಮೀಸಲು. ಆದರೆ ಆ ಕಾಯಿದೆಯು ಖನಿಜ ತೈಲವನ್ನು ಹೊರಗಿಟ್ಟಿದೆ. ಬಳ್ಳಾರಿಯ ಕಬ್ಬಿಣದ ಅದಿರಿನ ಪಕ್ಕದ ಹಳ್ಳಿಗಿರುವ ಈ ಆಸರೆ ಕಾವೇರಿಯ ಮುಖದ ತೈಲದ ಹಳ್ಳಿಗಿಲ್ಲ.

2017ರಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ನೆಡುವಾಸಲಿನ ರೈತರು ಹೊಸ ಬಾವಿಗಳು ಬೇಡವೆಂದು ತಿಂಗಳುಗಟ್ಟಲೆ ಹೋರಾಡಿದರು. 2020ರಲ್ಲಿ ತಮಿಳುನಾಡು ಸರ್ಕಾರವು ಕಾವೇರಿಯ ಮುಖಜಭೂಮಿಯನ್ನು ರಕ್ಷಿತ ಕೃಷಿವಲಯವೆಂದು ಸಾರಿ, ಅಲ್ಲಿ ಹೊಸ ತೈಲಶೋಧವನ್ನು ಕಾಯಿದೆಯಿಂದ ನಿಷೇಧಿಸಿತು. ಇದರಿಂದ ನಾವು ಕಲಿಯತಕ್ಕ ಪಾಠವೊಂದುಂಟು. ಕಂಪನಿಯನ್ನು ಕರೆತರುವ ದರವನ್ನು ಎಷ್ಟು ಜಾಣತನದಿಂದ ಗೊತ್ತುಮಾಡಿದರೂ, ಊರಿನವರ ಪಾಲನ್ನು ಮರೆತ ಲೆಕ್ಕ ನಿಲ್ಲುವುದಿಲ್ಲ.

ಬೆಳೆ ವರ್ಷವರ್ಷವೂ ಬರುತ್ತದೆ. ಗಣಿಯ ಫಸಲು ಒಂದೇ ಸಲ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಊರಿನ ಸುತ್ತ ಅರೆದ ಕಲ್ಲಿನ ಧೂಳಿನ ದಿಬ್ಬಗಳು ಉಳಿದವು. ನಾರ್ವೆಯು 1990ರಲ್ಲಿಯೇ ಕಾಯಿದೆ ಮಾಡಿ ತೈಲದ ಹಣವನ್ನು ಮುಂದಿನ ಪೀಳಿಗೆಗಾಗಿ ಕೂಡಿಡುವ ನಿಧಿಯನ್ನು ಏರ್ಪಡಿಸಿತು. ಮುಂದಿನ ರಜೆಯಲ್ಲಿ ರೈಲು ಬಂಗಾರಪೇಟೆಯಲ್ಲಿ ನಿಂತಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ತೆಗೆದವನಿಗೆ ಎಷ್ಟು ಸಂದಿತು? ಒಡೆಯನಿಗೆ ಎಷ್ಟು ಬಂದಿತು? ಊರಿಗೆ ಏನು ಉಳಿಯಿತು? ಮೂರಕ್ಕೂ ಉತ್ತರ ದೊರೆತಲ್ಲಿ ಮಾತ್ರ ಲೆಕ್ಕ ಸರಿಯಾಗಿದೆಯೆಂದು ತಿಳಿಯತಕ್ಕದ್ದು.