ಮಾಸ್ಟರ್ ಸಿಲಿಂಡರ್: ದೊಡ್ಡದಾದಷ್ಟೂ ಒಳ್ಳೇದಾ?

ಮಾವನ ಹಳೇ ಅಂಬಾಸಿಡರ್‌ಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಈ ರಜೆಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಲು ಹೊರಟರು. "ಮಾಸ್ಟರ್ ಸಿಲಿಂಡರೂ ದೊಡ್ಡದು ಹಾಕಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತೆ" ಅಂದೆ. ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯ್ತು, ನಾನು ಹೇಳಿದ್ದು ಉಲ್ಟಾ!

ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ. ಕಾಲಿನ ಬಲ 300 ನ್ಯೂಟನ್, ಪೆಡಲ್ ಅನುಪಾತ 6 ಅಂದುಕೊಳ್ಳಿ. ಪಿಸ್ಟನ್ ಮೇಲೆ 1800 ನ್ಯೂಟನ್ ಬೀಳುತ್ತೆ.

• ಬೋರ್ 19.05 ಮಿ.ಮೀ. (ಮುಕ್ಕಾಲು ಇಂಚು): 285 ಚದರ ಮಿ.ಮೀ., ಒತ್ತಡ ಸುಮಾರು 6.3 ಮೆಗಾಪ್ಯಾಸ್ಕಲ್
• ಬೋರ್ 25.4 ಮಿ.ಮೀ. (ಒಂದು ಇಂಚು): 507 ಚದರ ಮಿ.ಮೀ., ಬರೀ 3.55 ಮೆಗಾಪ್ಯಾಸ್ಕಲ್

ಡ್ರಮ್ ತಿರುಗುವಾಗ ಲೀಡಿಂಗ್ ಶೂವನ್ನು ತಾನೇ ಇನ್ನಷ್ಟು ಒಳಗೆಳೆದುಕೊಳ್ಳುತ್ತೆ. ಡಿಸ್ಕ್‌ಗೆ ಆ ಸಹಾಯ ಇಲ್ಲ, ಹಾಗಾಗಿ ಒತ್ತಡ ಹೆಚ್ಚೇ ಬೇಕು.

ಹಾಗಂತ ತೀರಾ ಚಿಕ್ಕ ಬೋರೂ ಆಗಲ್ಲ. ಕ್ಯಾಲಿಪರ್ ಪಿಸ್ಟನ್‌ಗಳು ದೊಡ್ಡವು, ಅವಕ್ಕೆ ಸಾಕಷ್ಟು ದ್ರವ ಹೋಗಬೇಕು. ಇಲ್ಲದಿದ್ದರೆ ಪೆಡಲ್ ನೆಲ ಮುಟ್ಟುತ್ತೆ. ಮೊದಲು ಬೇಕಾದ ದ್ರವದ ಲೆಕ್ಕ ಹಾಕಿ, ಸ್ಟ್ರೋಕ್‌ನೊಳಗೆ ಅಷ್ಟು ತಳ್ಳಬಲ್ಲ ಚಿಕ್ಕ ಬೋರ್ ಆರಿಸಿ. ಬೂಸ್ಟರ್ ಇದ್ದರೆ ಸ್ವಲ್ಪ ದೊಡ್ಡದೂ ನಡೆಯುತ್ತೆ.

ಇನ್ನೆರಡು ಮಾತು. ಡ್ರಮ್ ಸಿಲಿಂಡರ್‌ಗಳಲ್ಲಿ ಒಳಗೇ ರೆಸಿಡ್ಯುಯಲ್ ವಾಲ್ವ್ ಇರಬಹುದು. ಅದು ಡಿಸ್ಕ್ ಲೈನಿನಲ್ಲಿ ಉಳಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತೆ. ಹೇಗೂ ಬದಲಾಯಿಸುವಾಗ ಎರಡು ಸರ್ಕ್ಯೂಟಿನ ಟ್ಯಾಂಡಮ್ ಸಿಲಿಂಡರನ್ನೇ ಹಾಕಿ. ಒಂದು ಪೈಪ್ ಒಡೆದರೂ ಇನ್ನೊಂದು ಕಾರನ್ನು ನಿಲ್ಲಿಸುತ್ತೆ.

ಬೆಳಿಗ್ಗೆ ಎದ್ದವನೇ ಮಾವನಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಪರೀಕ್ಷೇಲಿ ಲೆಕ್ಕ ತಪ್ಪಿದರೆ ಐದು ಮಾರ್ಕ್ಸ್ ಹೋಗುತ್ತೆ. ಆ ಕಾರಿನ ಹಿಂದಿನ ಸೀಟಲ್ಲಿ ಕೂರೋದು ನನ್ನ ಅಜ್ಜಿ.